ಹುಲ್ಲಿನ ಜ್ವರ

ವಕ್ಕಲೇರಿ ಹತ್ತಿರದ ಒಂದು ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ನನಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕ್ರೈಸ್ತ ಸನ್ಯಾಸಿನಿಯರು ನಡೆಸುವ ಸಣ್ಣ ಆಸ್ಪತ್ರೆ ಅದು. ಕೋಲಾರದಿಂದ ಮಾಲೂರಿನ ಕಡೆಗೆ ಹೋಗುವ ದಾರಿಯಲ್ಲಿ ನೀಲಗಿರಿ ತೋಪು ದಾಟಿದ ಮೇಲೆ ಸಿಗುತ್ತದೆ. ಹೆರಿಗೆ, ಜ್ವರ, ಹಾವು ಕಚ್ಚಿದ್ದು, ಹಾರೆ ಬಿದ್ದು ಕಾಲು ಒಡೆದದ್ದು, ಎಲ್ಲಕ್ಕೂ ಸುತ್ತಿನ ಹಳ್ಳಿಗಳವರು ಅಲ್ಲಿಗೇ ಬರುತ್ತಿದ್ದರು. ನನ್ನ ಅತ್ತೆ ನನ್ನ ಗಂಡನನ್ನು ಹೆತ್ತದ್ದೂ ಅಲ್ಲೇ. ಹಾಗಾಗಿ ಕೆಲಸಕ್ಕೆ ಹೋಗುತ್ತೇನೆಂದು ನಾನು ಹೆದರುತ್ತಾ ಹೇಳಿದಾಗ ಅವರು ತಕರಾರು ಮಾಡಲಿಲ್ಲ.

"ಒಳ್ಳೇ ಜಾಗ ಕಣೇ ಅದು, ಹೋಗು. ದನದ ಕೆಲ್ಸ ನಾನು ನೋಡ್ಕೊಂತೀನಿ" ಎಂದರು.

ಎರಡು ಸೀಮೆಹಸುಗಳಿದ್ದವು. ಅವುಗಳ ಸಗಣಿ ಬಾಚುವುದರಿಂದ ಹಿಡಿದು ಡೈರಿಗೆ ಹಾಲು ಹಾಕುವವರೆಗೆ ಸೊಸೆಯೊಬ್ಬಳು ಹಂಚಿಕೊಳ್ಳಬೇಕಾದ ಕೆಲಸವನ್ನು ಅತ್ತೆ ಅಷ್ಟು ವರ್ಷವೂ ಒಬ್ಬರೇ ಮಾಡಿದರು. ನನ್ನ ಓದು ಹಾಳಾಗದೆ ಉಳಿದದ್ದು ಆ ಒಂದು ಮಾತಿನಿಂದ.

ನಮ್ಮ ಆಸ್ಪತ್ರೆಯ ಡಾಕ್ಟರೂ ಒಬ್ಬ ಸನ್ಯಾಸಿನಿಯೇ. ಎಲ್ಲರೂ ಅವರನ್ನು ಡಾಕ್ಟ್ರು ಸಿಸ್ಟರ್ ಎಂದು ಕರೆಯುತ್ತಿದ್ದರು. ಹುಟ್ಟಿದ್ದು ಕೇರಳದಲ್ಲಿ. ಕನ್ನಡ ಕಲಿತದ್ದು ರೋಗಿಗಳ ಬಾಯಿಂದ, ಆದ್ದರಿಂದ ಅವರ ಕನ್ನಡದಲ್ಲಿ ನಮ್ಮ ಕಡೆಯ ತೆಲುಗು ರಾಗವೂ ಸೇರಿಕೊಂಡಿತ್ತು. ಕೊರೋನಾ ಕಾಲದಲ್ಲಿ ಮಾದರಿಗಳನ್ನು ದೂರದ ಲ್ಯಾಬಿಗೆ ಕಳಿಸಿ, ಏನೂ ತಿಳಿಯದೆ, ರೋಗಿಗಳ ಮನೆಯವರ ಮುಖ ನೋಡುತ್ತಾ ಕೂತದ್ದು ಅವರನ್ನು ಬಹಳ ನೋಯಿಸಿತ್ತು. ಅದೆಲ್ಲ ತಣ್ಣಗಾದ ಮೇಲೆ ಒಂದು ಭಾನುವಾರ ಅವರು ಸುತ್ತಿನ ತಾಲ್ಲೂಕುಗಳ ಸಣ್ಣ ದವಾಖಾನೆಗಳವರನ್ನು ಊಟಕ್ಕೆ ಕರೆದರು. ಎಲ್ಲವೂ ಯಾವುದಾದರೊಂದು ಧರ್ಮದವರು ನಡೆಸುವಂಥವು. ಮಾಲೂರಿನ ಮಠದ ಆಸ್ಪತ್ರೆಯಿಂದ ಒಬ್ಬ ನರ್ಸು ಬಂದಿದ್ದರು. ಶ್ರೀನಿವಾಸಪುರದ ಆಶ್ರಮದ ದವಾಖಾನೆಯಿಂದ ಡಾಕ್ಟರು ಬಂದಿದ್ದರು. ಮುಳಬಾಗಿಲಿನ ಮಸೀದಿ ಕಮಿಟಿಯ ಕ್ಲಿನಿಕ್ಕಿನಿಂದ ಲ್ಯಾಬ್ ನೋಡಿಕೊಳ್ಳುವವರು ಬಂದರು. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವರು, ಮೆಹಂದಿ ಹಚ್ಚಿದ ಗಡ್ಡ, ಮಾತು ಕಡಿಮೆ. ನಾನು ಅವರನ್ನು ಮೊದಲ ದಿನದಿಂದಲೂ ಭಾಯ್ ಎಂದೇ ಕರೆದೆ.

ಊಟವಾದ ಮೇಲೆ ಸಿಸ್ಟರ್ ವಿಷಯಕ್ಕೆ ಬಂದರು.

"ಮುಂದಿನ ಸಲ ಏನು ಕಾಯಿಲೆ ಬರುತ್ತೋ ಗೊತ್ತಿಲ್ಲ. ಬಂದಾಗ ಯಾರ ಹತ್ರ ಏನಿದೆ, ಯಾರಿಗೆ ಫೋನ್ ಮಾಡ್ಬೇಕು ಅನ್ನೋದಾದ್ರೂ ನಮಗೆ ಗೊತ್ತಿರ್ಲಿ."

ಭಾಯ್ ನಕ್ಕರು. "ಸಿಸ್ಟರ್, ನಮ್ದು ಒಂದು ರೂಮು, ಒಂದು ಮೈಕ್ರೋಸ್ಕೋಪು. ಅದೂ ನನ್ನ ಮದುವೆಗಿಂತ ಹಳೇದು. ನಮ್ಮಿಂದ ಏನಾಗುತ್ತೆ?"

"ಆ ಒಂದು ರೂಮಲ್ಲಿ ಏನೇನಿದೆ ಹೇಳಿ ಭಾಯ್. ಅಷ್ಟು ಸಾಕು."

ಅವರು ಬೆರಳು ಮಡಿಸುತ್ತಾ ಹೇಳಿದರು. ಮಲೇರಿಯಾ, ಡೆಂಗಿ, ಟೈಫಾಯ್ಡ್, ಸಕ್ಕರೆ. ಕೊನೆಯಲ್ಲಿ ಇನ್ನೊಂದು ಹೆಸರು ಹೇಳಿದರು, ಸ್ಕ್ರಬ್ ಟೈಫಸ್. ಹಿಂದಿನ ವರ್ಷ ಬೆಟ್ಟದ ಬುಡದ ಹಳ್ಳಿಯವರೊಬ್ಬರಿಗೆ ಆ ಜ್ವರ ಬಂದು ದೂರದ ದೊಡ್ಡ ಆಸ್ಪತ್ರೆಯಲ್ಲಿ ಗೊತ್ತಾಯಿತಂತೆ. ಆಗ ಕಮಿಟಿಯವರಿಗೆ ಹೇಳಿ ಅದನ್ನು ಪರೀಕ್ಷಿಸುವ ಕಾರ್ಡುಗಳನ್ನು ತರಿಸಿದ್ದರಂತೆ. ನಾನು ಆ ಕಾಯಿಲೆಯನ್ನು ಕಾಲೇಜಿನಲ್ಲಿ ಪರೀಕ್ಷೆಗಾಗಿ ಓದಿ ಮರೆತಿದ್ದೆ.

ಅವತ್ತು ಇನ್ನೂ ಒಂದು ತೀರ್ಮಾನವಾಯಿತು. ಜ್ವರ ಎಂದು ಬಂದವರ ರಕ್ತ ಪರೀಕ್ಷೆಯಾದ ಮೇಲೆ ಉಳಿಯುವ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದಾಗ ಮೇಲೆ ತಿಳಿಯಾಗಿ ನಿಲ್ಲುವ ಹೊಂಬಣ್ಣದ ನೀರು, ಅದನ್ನು ಚೆಲ್ಲಬಾರದು. ರೋಗಿಗೆ ಹೇಳಿ, ಸಣ್ಣ ಸೀಸೆಯಲ್ಲಿ ಹಾಕಿ, ಹೆಸರು ಊರು ಬರೆದು ಫ್ರೀಜರಿನಲ್ಲಿ ಇಡಬೇಕು. ಇವತ್ತು ಗೊತ್ತಾಗದ ಕಾಯಿಲೆ ನಾಳೆ ಗೊತ್ತಾಗಬಹುದು ಎನ್ನುವುದು ಸಿಸ್ಟರ್ ವಾದ. ಹೇಳುವುದು ಸುಲಭ. ಕರೆಂಟು ಹೋದಾಗಲೆಲ್ಲ ಜನರೇಟರ್ ಶುರುವಾಯಿತೋ ಇಲ್ಲವೋ ಎಂದು ಓಡಿ ಹೋಗಿ ನೋಡುವವಳು ನಾನು. "ಇದೇನು ಉಪ್ಪಿನಕಾಯಾ ಸಿಸ್ಟರ್, ಇಷ್ಟು ಕೂಡಿಡೋಕೆ?" ಎಂದು ಒಂದೆರಡು ಸಲ ಕೇಳಿದ್ದೂ ಉಂಟು.

ಸಿಸ್ಟರ್ ಅಷ್ಟಕ್ಕೆ ಬಿಡಲಿಲ್ಲ. ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಲ್ಯಾಬಿಗೆ ಬಂದು, ಒಂದು ಸೀಸೆಯಲ್ಲಿ ಕೆಂಪು ನೀರನ್ನು ನನ್ನ ಮುಂದಿಟ್ಟರು.

"ಇದು ಅನುಮಾನದ ಸ್ಯಾಂಪಲ್ ಅಂತ ತಿಳ್ಕೋ. ಸರಿಯಾಗಿ ಪ್ಯಾಕ್ ಮಾಡಿ ಮುಳಬಾಗಿಲಿಗೆ ಕಳ್ಸು. ಕೆಡದೆ ತಲುಪುತ್ತಾ ನೋಡೋಣ."

ನಾನು ಸೀಸೆಯನ್ನು ಹತ್ತಿಯಲ್ಲಿ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು, ಐಸು ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಭದ್ರಮಾಡಿ, ಕೋಲಾರದ ಬಸ್ ಸ್ಟ್ಯಾಂಡಿಗೆ ಹೋಗಿ ಮುಳಬಾಗಿಲಿನ ಬಸ್ಸಿನ ಕಂಡಕ್ಟರಿಗೆ ಕೊಟ್ಟೆ. ಅವನು ಪೆಟ್ಟಿಗೆ ಮುಟ್ಟಿ ನೋಡಿ, "ಐಸ್ ಕ್ರೀಮಾ ಅಕ್ಕಾ?" ಎಂದ. ಅಭ್ಯಾಸದ ನೀರು, ಆಸ್ಪತ್ರೆಯದು, ಹುಷಾರು ಎಂದೆ. ಅವನು ಅದನ್ನು ಡ್ರೈವರಿನ ಪಕ್ಕದಲ್ಲಿಟ್ಟು, ದಾರಿಯುದ್ದಕ್ಕೂ ಯಾರನ್ನೂ ಅದರ ಹತ್ತಿರ ಕೂರಲು ಬಿಡಲಿಲ್ಲವಂತೆ. ಮಧ್ಯಾಹ್ನ ಭಾಯ್ ಫೋನ್ ಬಂತು.

"ಸ್ಯಾಂಪಲ್ ಬಂತಮ್ಮಾ. ಐಸು ಇನ್ನೂ ಇದೆ, ಪ್ಯಾಕಿಂಗ್ ಚೆನ್ನಾಗಿದೆ. ಆದ್ರೆ ನನ್ನಾರಿ ಶರಬತ್ತಿಗೆ ನಿಂಬೆಹಣ್ಣು ಹಾಕೋದು ಮರ್ತಿದ್ದೀರಿ."

ಪಕ್ಕದಲ್ಲೇ ಇದ್ದ ಸಿಸ್ಟರ್ ಫೋನ್ ಕಿತ್ತುಕೊಂಡರು. "ಭಾಯ್, ಸ್ಯಾಂಪಲ್ ಮೂಸಿ ನೋಡೋದು ಯಾವ ಕಾಲೇಜಲ್ಲಿ ಕಲ್ಸಿದ್ರು?" ಎಂದು ಚೆನ್ನಾಗಿ ಬೈದರು. ಬೈದು ಫೋನಿಟ್ಟ ಮೇಲೆ ಅವರಿಗೇ ನಗು ತಡೆಯಲಾಗಲಿಲ್ಲ. ಆ ದಿನದಿಂದ ಭಾಯ್ ಮತ್ತು ನಾನು ಸಣ್ಣಪುಟ್ಟದಕ್ಕೂ ಫೋನ್ ಮಾಡಿಕೊಳ್ಳುವಷ್ಟು ಹತ್ತಿರವಾದೆವು.

ಮರುವರ್ಷ ಮಳೆ ಚೆನ್ನಾಗಿ ಬಂತು. ರಾಗಿ ಹೊಲದ ಬದುಗಳಲ್ಲಿ, ಹಿಪ್ಪುನೇರಳೆ ತೋಟಗಳ ಅಂಚಿನಲ್ಲಿ ಹುಲ್ಲು ಮಂಡಿಯೆತ್ತರ ಬೆಳೆದು ನಿಂತಿತು. ಮಳೆ ಹಿಂದಾಗುವ ಹೊತ್ತಿಗೆ ಆಸ್ಪತ್ರೆಗೆ ಜ್ವರದವರು ಬರತೊಡಗಿದರು. ವಿಪರೀತ ತಲೆನೋವು, ಮೈಕೈ ನೋವು, ಬಿಡದ ಜ್ವರ. ಮಳೆಗಾಲದಲ್ಲಿ ಜ್ವರ ಹೊಸದೇನಲ್ಲ. ಆದರೆ ಈ ಸಲ ನಾನು ಯಾವ ಪರೀಕ್ಷೆ ಮಾಡಿದರೂ ಉತ್ತರ ಸಿಗುತ್ತಿರಲಿಲ್ಲ. ಡೆಂಗಿ ಇಲ್ಲ. ಮಲೇರಿಯಾ ಇಲ್ಲ. ಟೈಫಾಯ್ಡ್ ಪರೀಕ್ಷೆ ಕೆಲವರಲ್ಲಿ ಹೌದೋ ಅಲ್ಲವೋ ಎನ್ನುವಂತೆ ಬರುತ್ತಿತ್ತು, ಅಷ್ಟೆ. ಸಿಸ್ಟರ್ ಲ್ಯಾಬಿನ ಬಾಗಿಲಲ್ಲಿ ನಿಂತು "ಏನಾದ್ರೂ ಸಿಕ್ತಾ?" ಎಂದು ಕೇಳುವುದು, ನಾನು ತಲೆ ಅಲ್ಲಾಡಿಸುವುದು ಪ್ರತಿದಿನದ ಮಾತಾಯಿತು. ಅವರು ಜಿಲ್ಲಾ ಆರೋಗ್ಯ ಕಚೇರಿಗೂ ವಿಷಯ ತಿಳಿಸಿದರು. ಅಲ್ಲಿಯವರು ಬಂದು ಸೊಳ್ಳೆ ಮರಿಗಳಿಗಾಗಿ ತೊಟ್ಟಿಗಳನ್ನೆಲ್ಲ ನೋಡಿ ಹೋದರು. ಜ್ವರ ಬರುವುದು ನಿಲ್ಲಲಿಲ್ಲ.

ಆಮೇಲೆ ನಮ್ಮ ಮನೆಗೇ ಬಂತು.

ಒಂದು ಬೆಳಿಗ್ಗೆ ಅತ್ತೆ ಹಾಲು ಕರೆದು ಎದ್ದವರು ಹೆಜ್ಜೆ ಇಡಲಾಗದೆ ಕೊಟ್ಟಿಗೆಯ ಗೋಡೆ ಹಿಡಿದು ನಿಂತಿದ್ದರು. ಮುಟ್ಟಿ ನೋಡಿದರೆ ಮೈ ಸುಡುತ್ತಿತ್ತು. ಆಸ್ಪತ್ರೆಗೆ ಬನ್ನಿ ಎಂದರೆ ಒಪ್ಪಲಿಲ್ಲ.

"ಏಮೀ ಲೇದು, ಏನಿಲ್ಲ ಕಣೇ, ನಿನ್ನೆ ಮಳೇಲಿ ನೆಂದೆ, ಅಷ್ಟೆ. ನಾನು ಬಂದ್ರೆ ಡೈರಿಗೆ ಹಾಲು ಹಾಕೋರ್ಯಾರು?"

ಊರಿನಲ್ಲೇ ಯಾರೋ ಕೊಟ್ಟ ಇಂಜೆಕ್ಷನ್ ಹಾಕಿಸಿಕೊಂಡರು. ಜ್ವರ ಇಳಿದಂತೆ ಮಾಡಿ ಮತ್ತೆ ಏರಿತು. ನಾಲ್ಕೈದು ದಿನ ಹೀಗೇ ಕಳೆದ ಮೇಲೆ ಉಸಿರು ಮೇಲೆ ಕೆಳಗೆ ಆಗತೊಡಗಿತು. ಆಗ ನನ್ನ ಗಂಡ ಅವರ ಮಾತು ಕೇಳದೆ ಎತ್ತಿಕೊಂಡೇ ಆಟೋದಲ್ಲಿ ಕೂರಿಸಿದರು.

ಅತ್ತೆಯ ರಕ್ತವನ್ನು ನಾನೇ ತೆಗೆದೆ. ಅಷ್ಟು ವರ್ಷದಲ್ಲಿ ಎಷ್ಟೋ ಜನರ ರಕ್ತ ತೆಗೆದವಳು, ಅವತ್ತು ನರ ಸಿಕ್ಕಿದ ಮೇಲೂ ಮತ್ತೊಮ್ಮೆ ಬೆರಳಿಟ್ಟು ನೋಡಿದೆ. ಅವರೇ "ಚುಚ್ಚು, ಏನಾಗಲ್ಲ" ಎಂದು ಧೈರ್ಯ ಹೇಳಿದರು. ಒಂದೊಂದೇ ಪರೀಕ್ಷೆ ಮಾಡಿದೆ. ಎಲ್ಲದಕ್ಕೂ ಇಲ್ಲ, ಇಲ್ಲ ಎಂದೇ ಬಂತು. ಬೇರೆಯವರಿಗೆ "ಗಾಬರಿಯಾಗ್ಬೇಡಿ, ಡೆಂಗಿ ಇಲ್ಲ" ಎಂದು ಹೇಳುವಾಗ ಅದು ಒಳ್ಳೆಯ ಸುದ್ದಿಯಂತೆ ಕೇಳುತ್ತಿತ್ತು. ಅವತ್ತು ಆ ಕಾಗದ ಹಿಡಿದು ವಾರ್ಡಿಗೆ ನಡೆಯುವಾಗ ಅದು ಎಷ್ಟು ಬರಿದಾದ ಮಾತು ಎಂದು ಗೊತ್ತಾಯಿತು.

ಮಾರನೆಯ ಬೆಳಿಗ್ಗೆ, ಶುಕ್ರವಾರ, ಡ್ಯೂಟಿಗೆ ಮೊದಲು ಅತ್ತೆಯ ಮೈ ಒರೆಸಿ ಬಟ್ಟೆ ಬದಲಿಸೋಣವೆಂದು ಬಿಸಿನೀರು ತಂದೆ. ಅವರು ನನ್ನೆದುರು ರವಿಕೆ ತೆಗೆಯಲೂ ನಾಚುವವರು. ಜ್ವರದಲ್ಲಿ ಬೇಡವೆನ್ನುವ ಶಕ್ತಿ ಇರಲಿಲ್ಲ. ಎಡಗೈ ಎತ್ತಿ ಕಂಕುಳನ್ನು ಒರೆಸುವಾಗ ಅಲ್ಲಿ ಒಂದು ಕಪ್ಪು ಹಕ್ಕಳೆ ಕಂಡಿತು. ಬೀಡಿಯ ಬೆಂಕಿಯಿಂದ ಸುಟ್ಟ ಹಾಗೆ, ಸುತ್ತ ಕೆಂಪಗೆ.

"ಇದೇನತ್ತೆ?"

"ಏನೋ ಕಚ್ಚಿರ್ಬೇಕು. ನೋವೇನಿಲ್ಲ ಕಣೇ, ಬಿಡು."

ನೋವಿಲ್ಲ ಎಂದ ಮಾತಿಗೆ ನನ್ನ ತಲೆಯಲ್ಲಿ ಏನೋ ಹೊಳೆದಂತಾಯಿತು, ಆದರೆ ಏನೆಂದು ಹಿಡಿಯಲಾಗಲಿಲ್ಲ. ಸಿಸ್ಟರನ್ನು ಕರೆದೆ. ಅವರು ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ ಅತ್ತೆಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಮಂಚದ ಅಂಚಿನಲ್ಲಿ ಕೂತರು.

"ಅಮ್ಮಾ, ನೀವು ಹುಲ್ಲು ಕೊಯ್ಯೋಕೆ ಹೋಗ್ತೀರಾ?"

"ದಿನಾ ಹೋಗ್ತೀನಿ ತಾಯಿ. ದನ ಇದಾವಲ್ಲ."

"ಹೊರೆ ಹೆಂಗೆ ತರ್ತೀರಿ?"

"ತಲೆ ಮೇಲೆ. ಸಣ್ಣ ಹೊರೆ ಆದ್ರೆ ಕಂಕುಳಲ್ಲಿ."

ಸಿಸ್ಟರ್ ನನ್ನ ಕಡೆ ತಿರುಗಿದರು. "ಸ್ಕ್ರಬ್ ಟೈಫಸ್. ಹುಲ್ಲಲ್ಲಿರೋ ಹುಳ ಕಚ್ಚಿ ಬರೋದು. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೂ ಗೊತ್ತಾಗಲ್ಲ." ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇಷ್ಟು ದಿನ ಈ ಹೆಂಗಸರನ್ನೆಲ್ಲ ಬಾಯಲ್ಲಿ ಕೇಳ್ದೆ. ಸೆರಗು ಸರಿಸಿ ನೋಡ್ಲಿಲ್ಲ."

ಅವರು ಪರೀಕ್ಷೆಗೆ ಕಾಯಲಿಲ್ಲ. ಆ ಕ್ಷಣವೇ ಮಾತ್ರೆ ಶುರುಮಾಡಿಸಿದರು. ಹಳೆಯ, ಎಲ್ಲ ಅಂಗಡಿಯಲ್ಲೂ ಸಿಗುವ ಮಾತ್ರೆ ಅದು. ಆಮೇಲೆ ವಾರ್ಡಿನಲ್ಲಿದ್ದ ಬೇರೆ ಜ್ವರದವರ ಹತ್ತಿರ ಒಬ್ಬ ನರ್ಸನ್ನು ಕರೆದುಕೊಂಡು ಹೋಗಿ, ಪರದೆ ಎಳೆದು ನೋಡಿದರು. ಇನ್ನೊಬ್ಬ ಹೆಂಗಸಿನ ಸೊಂಟದ ಹಿಂದೆ ಅಂಥದೇ ಕಪ್ಪು ಗುರುತು ಸಿಕ್ಕಿತು. ಉಳಿದವರಲ್ಲಿ ಏನೂ ಕಾಣಲಿಲ್ಲ. ಈ ಜ್ವರದಲ್ಲಿ ಎಲ್ಲರಿಗೂ ಗುರುತು ಇರುವುದಿಲ್ಲವಂತೆ. ಹಾಗಾದರೆ ಗೊತ್ತಾಗುವುದು ರಕ್ತದಿಂದಲೇ. ಅದರ ಕಾರ್ಡು ನಮ್ಮಲ್ಲಿರಲಿಲ್ಲ. ಯಾರಲ್ಲಿದೆ ಎಂದು ಹುಡುಕುವ ಕಷ್ಟ ಮಾತ್ರ ನಮಗೆ ಬೀಳಲಿಲ್ಲ.

ಭಾಯ್‌ಗೆ ಫೋನ್ ಮಾಡಿದೆ. ಧ್ವನಿಯಲ್ಲೇ ಅವರಿಗೆ ಗೊತ್ತಾಯಿತು.

"ಯಾರಿಗಮ್ಮಾ ಹುಷಾರಿಲ್ಲ?"

"ನಮ್ಮತ್ತೆಗೆ. ಇನ್ನೂ ಬಹಳ ಜನಕ್ಕೆ. ನಿಮ್ಮ ಹತ್ರ ಆ ಸ್ಕ್ರಬ್ ಕಾರ್ಡು ಇನ್ನೂ ಇದಾವಾ?"

"ಇದಾವೆ. ಬಸ್ಸಲ್ಲಿ ಕಳಿಸಲ್ಲ, ನಾನೇ ತರ್ತೀನಿ. ಇವತ್ತು ಜುಮ್ಮಾ. ನಮಾಜ್ ಮುಗೀತಿದ್ದಂಗೆ ಬಸ್ ಹತ್ತೀನಿ. ನೀವು ಫ್ರೀಜರಲ್ಲಿರೋ ಸೀಸೆಗಳನ್ನ ಹೊರಗೆ ತೆಗೆದಿಡಿ."

ಸೀಸೆಗಳ ನೆನಪು ನನಗೆ ಆಗಿರಲೇ ಇಲ್ಲ. ಆ ಮಳೆಗಾಲದಲ್ಲಿ ಬಂದು ಹೋದ ಪ್ರತಿಯೊಬ್ಬರ ಸೀರಂ ಅಲ್ಲಿತ್ತು.

ಸಂಜೆಯೊಳಗೆ ಭಾಯ್ ಬಂದರು. ಬಟ್ಟೆಯ ಚೀಲದಲ್ಲಿ ಕಾರ್ಡಿನ ಡಬ್ಬಿಗಳು, ಜೊತೆಗೆ ಅವರ ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ, "ನಿಮಗೂ ಸೇರ್ಸಿ ಕಟ್ಟಿದಾಳೆ" ಎಂದರು. ಚಹಾ ಕೂಡ ಕುಡಿಯದೆ ಕೈ ತೊಳೆದು ಗ್ಲೌಸು ಹಾಕಿಕೊಂಡರು. ಪರೀಕ್ಷೆಯೇನೂ ಕಷ್ಟದ್ದಲ್ಲ. ಕಾರ್ಡಿನ ಒಂದು ಕುಳಿಯಲ್ಲಿ ಸೀರಂ, ಅದರ ಹಿಂದೆಯೇ ಕಿಟ್ಟಿನಲ್ಲಿ ಬರುವ ದ್ರಾವಣದ ಹನಿ, ಆಮೇಲೆ ಸ್ವಲ್ಪ ಹೊತ್ತು ಕಾಯುವುದು. ಒಂದು ಗೆರೆ ಬಂದರೆ ಕಾರ್ಡು ಸರಿಯಾಗಿದೆ ಎಂದರ್ಥ. ಎರಡನೆಯ ಗೆರೆಯೂ ಬಂದರೆ ಕಾಯಿಲೆ ಇದೆ ಎಂದರ್ಥ.

ಮೊದಲು ಅತ್ತೆಯದನ್ನು ಹಾಕಿದೆವು. ಎರಡನೆಯ ಗೆರೆ ಮೆಲ್ಲಗೆ, ಮೊದಲು ಇದೆಯೋ ಇಲ್ಲವೋ ಎನ್ನುವಂತೆ, ಆಮೇಲೆ ಸ್ಪಷ್ಟವಾಗಿ ಮೂಡಿತು. ಕಾಯಿಲೆ ಇದೆ ಎಂದು ಗೊತ್ತಾದಾಗ ಸಂತೋಷಪಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಭಾಯ್ ನೋಡಿದರು. ಮುಂದಿನ ಸೀಸೆ ಎತ್ತಿಕೊಟ್ಟರು.

ಆಮೇಲೆ ಫ್ರೀಜರಿನಿಂದ ತೆಗೆದು ಕರಗಿಸಿದ್ದ ಸೀಸೆಗಳು. ಕೆಲವಕ್ಕೆ ಒಂದೇ ಗೆರೆ. ಆದರೆ ಬಹಳಷ್ಟಕ್ಕೆ ಎರಡು. "ಇದೂ" ಎನ್ನುವರು ಭಾಯ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇದೂನೂ." ಸಿಸ್ಟರ್ ಆ ಹೆಸರುಗಳನ್ನು ಬರೆದುಕೊಂಡು ಆಫೀಸಿನಲ್ಲಿ ಕೂತು ಒಬ್ಬೊಬ್ಬರಿಗೆ ಫೋನ್ ಮಾಡತೊಡಗಿದರು. ಕೆಲವರು ತಾವಾಗಿಯೇ ಗುಣವಾಗಿದ್ದರು. ಕೆಲವರು ಇನ್ನೂ ಮಲಗಿದ್ದರು, ಬೇರೆ ಬೇರೆ ಊರಿನ ಡಾಕ್ಟರುಗಳ ಹತ್ತಿರ ಹೋಗಿ ಬಂದು ಸೋತಿದ್ದರು. ಬನ್ನಿ, ಕಾಯಿಲೆ ಏನೆಂದು ಗೊತ್ತಾಗಿದೆ, ಮಾತ್ರೆಯಲ್ಲೇ ಹೋಗುತ್ತೆ ಎಂದು ಸಿಸ್ಟರ್ ಹೇಳುವುದು ಲ್ಯಾಬಿನವರೆಗೂ ಕೇಳುತ್ತಿತ್ತು. ಶ್ರೀನಿವಾಸಪುರದ ಡಾಕ್ಟರಿಗೂ ಮಾಲೂರಿನ ನರ್ಸಿಗೂ ಜಿಲ್ಲಾ ಕಚೇರಿಗೂ ಆಗಲೇ ತಿಳಿಸಿದರು. ಶ್ರೀನಿವಾಸಪುರದ ಕಡೆ ಮಾವಿನ ತೋಟಗಳಲ್ಲಿ ಕಳೆ ಕೀಳುವವರಿಗೂ ಇಂಥದೇ ಜ್ವರ ಬಂದಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು.

ಒಬ್ಬಳು ಮಾತ್ರ ಸಿಗಲಿಲ್ಲ. ಶಿವಾರಪಟ್ಟಣದ ಹುಡುಗಿ, ತುಂಬು ಬಸುರಿ. ಫೋನು ಸ್ವಿಚ್ ಆಫ್. ಬಸುರಿಯರಿಗೆ ಈ ಜ್ವರ ಬಹಳ ಕೆಟ್ಟದ್ದು, ಮಗುವಿಗೂ ಕೆಟ್ಟದ್ದು ಎಂದು ಸಿಸ್ಟರ್ ಹೇಳಿದರು. ಅವಳಿಗೆ ಕೊಡುವ ಮಾತ್ರೆಯೂ ಬೇರೆ.

"ಬೆಳಿಗ್ಗೆ ಆ್ಯಂಬುಲೆನ್ಸ್ ತಗೊಂಡು ನೀನೇ ಹೋಗಿ ಕರ್ಕೊಂಡು ಬಾ. ಅವಳ ರಕ್ತ ತೆಗ್ದಿದ್ದು ನೀನು, ಮುಖ ಪರಿಚಯ ಇರುತ್ತೆ" ಎಂದರು.

ಬೆಳಿಗ್ಗೆ ಶಿವಾರಪಟ್ಟಣಕ್ಕೆ ಹೋದೆವು. ಅವಳ ಗಂಡ ವಿಗ್ರಹ ಕೆತ್ತುವವನು. ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಕಲ್ಲಿನ ಪುಡಿ ಮೆತ್ತಿಕೊಂಡು ಕೂತಿದ್ದ. ಆಸ್ಪತ್ರೆಯ ಗಾಡಿ ನೋಡಿ ಉಳಿ ಕೆಳಗಿಟ್ಟು ಎದ್ದ.

"ಅವ್ಳು ಮಾಸ್ತೀಲಿ ತಾಯಿ ಮನೇಲಿದಾಳೆ ಮೇಡಂ. ಜ್ವರ ಬಿಟ್ಟಿತ್ತು ಅಂತ ಕಳ್ಸಿದ್ವಿ. ಮತ್ತೆ ಬಂದೈತಂತೆ."

ಕೈಯನ್ನು ಅಂಗಿಗೇ ಒರೆಸಿಕೊಂಡು ಅವನೂ ಗಾಡಿ ಹತ್ತಿದ.

ಮಾಸ್ತಿಯಲ್ಲಿ ಹುಡುಗಿ ನಡುಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತರು.

"ಏನಮ್ಮಾ, ಅವತ್ತು ಎಲ್ಲಾ ಟೆಸ್ಟು ಮಾಡಿ ಏನೂ ಇಲ್ಲ ಅಂದೋರು ನೀವೇ ತಾನೆ? ಈಗ ಗಾಡಿ ತಂದು ಕರ್ಕೊಂಡು ಹೋಗ್ತೀನಿ ಅಂದ್ರೆ?"

ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. "ಹೌದಮ್ಮಾ, ನಾನೇ ಹೇಳಿದ್ದು" ಎಂದೆ. "ಅವತ್ತು ನಾವು ಹುಡುಕಿದ ಕಾಯಿಲೆ ಇರ್ಲಿಲ್ಲ. ಬೇರೆ ಒಂದು ಇತ್ತು, ಅದನ್ನ ನೋಡೋ ಕಾರ್ಡು ನಮ್ಮ ಹತ್ರ ಇರ್ಲಿಲ್ಲ. ಅವತ್ತು ಎತ್ತಿಟ್ಟಿದ್ದ ಅದೇ ರಕ್ತಾನ ನಿನ್ನೆ ಫ್ರೀಜರಿಂದ ತೆಗ್ದು ಮತ್ತೆ ನೋಡಿದ್ವಿ, ಸಿಕ್ತು. ನಮ್ಮತ್ತೆಗೂ ಇದೇ ಜ್ವರ. ಅದೇ ಆಸ್ಪತ್ರೇಲಿ ಮಲಗಿದಾರೆ. ಅವರ ಪಕ್ಕದ ಮಂಚಾನೇ ನಿಮ್ಮ ಮಗಳಿಗೆ ಕೊಡಿಸ್ತೀನಿ, ನೀವೂ ಬನ್ನಿ."

ಅವರು ನನ್ನ ಮುಖವನ್ನೇ ನೋಡಿದರು. ಅತ್ತೆಯ ವಿಷಯ ಕೇಳಿ ಮನಸ್ಸು ಕರಗಿತೋ, ಅದೇ ರಕ್ತವನ್ನು ಜೋಪಾನ ಮಾಡಿದ್ದೆವು ಎನ್ನುವುದು ನಾಟಿತೋ ತಿಳಿಯದು. ಒಳಗೆ ಹೋಗಿ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ಬಂದರು. ಮಗಳನ್ನು ಎಬ್ಬಿಸುವಾಗ ಹೇಳಿದರು, "ಸೀರೆ ಕಟ್ಟೋ ಜಾಗದಲ್ಲಿ ಒಂದು ಕರೀ ಗಾಯ ಐತೆ ಇವ್ಳಿಗೆ. ಬಿಗಿಯಾಗಿ ಕಟ್ಟಿದ್ದಕ್ಕೆ ಆಗಿರ್ಬೇಕು ಅಂದ್ಕೊಂಡಿದ್ವಿ." ಮೇಕೆಗಳಿಗೆ ಸೊಪ್ಪು, ಒಲೆಗೆ ಸೌದೆ ತರಲು ಕುರುಚಲು ಕಾಡಿಗೆ ಹೋಗುತ್ತಿದ್ದಳಂತೆ.

ನಾವು ವಾಪಸಾಗುವ ಹೊತ್ತಿಗೆ ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಹಿಂದಿನ ರಾತ್ರಿ ಕೋಲಾರದಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದ ಭಾಯ್ ಬೆಳಿಗ್ಗೆ ಮತ್ತೆ ಬಂದು, ಉಳಿದ ಸೀಸೆಗಳನ್ನು ಮುಗಿಸಿ, ಅತ್ತೆಯನ್ನು ಮಾತಾಡಿಸಲು ವಾರ್ಡಿಗೆ ಬಂದಿದ್ದರು. ಇಬ್ಬರೂ ತೆಲುಗಿನಲ್ಲಿ ಮಾತಿಗೆ ಇಳಿದಿದ್ದರು. ಭಾಯ್ ಮನೆಯಲ್ಲೂ ಹಿಂದೆ ಎಮ್ಮೆ ಇತ್ತಂತೆ. ಅದರ ಕೊಂಬು, ಅದರ ಹಟ, ಅದು ಕೊಡುತ್ತಿದ್ದ ಹಾಲು, ಇದೇ ಮಾತು. ನಾನು ಹೋದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಹಸುಗೆ ಯಾರು ಹುಲ್ಲು ಹಾಕಿದ್ರು?"

"ನಿಮ್ಮ ಮಗ ಹಾಕಿದಾರೆ ಅತ್ತೆ. ಕೊಯ್ದಿಲ್ಲ, ಒಣಹುಲ್ಲು ಹಾಕಿದಾರೆ."

"ಅದಕ್ಕೆ ಹಾಲು ಕಮ್ಮಿ ಕೊಟ್ಟಿರ್ತವೆ" ಎಂದರು. ಅವರು ಬದುಕುತ್ತಾರೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗಲೇ.

ಮಾತ್ರೆ ಶುರುವಾದ ಎರಡನೆಯ ದಿನ ಅತ್ತೆಯ ಜ್ವರ ಬಿಟ್ಟಿತು. ಉಸಿರು ಸರಿಹೋಗಲು ಇನ್ನೂ ಕೆಲವು ದಿನ ಬೇಕಾಯಿತು. ಆಸ್ಪತ್ರೆಯ ಗಂಜಿ ಬೇಡವೆಂದು ಮುಖ ತಿರುಗಿಸಿ ಮುದ್ದೆ ಬಸ್ಸಾರು ಕೇಳಿದರು. ಸಿಸ್ಟರ್ ಅಡುಗೆಮನೆಗೆ ಹೇಳಿ ಮಾಡಿಸಿಕೊಟ್ಟರು. ಶಿವಾರಪಟ್ಟಣದ ಹುಡುಗಿಗೆ ಅತ್ತೆಗಿಂತ ಹೆಚ್ಚು ದಿನ ಹಿಡಿಯಿತು. ಒಂದೆರಡು ದಿನ ಮಗುವಿನ ಬಡಿತ ಕೇಳಲು ಸಿಸ್ಟರ್ ಹಗಲೆಲ್ಲ ಅವಳ ಮಂಚದ ಬಳಿಯೇ ಸುಳಿದಾಡಿದರು. ಅವಳ ತಾಯಿ ಮತ್ತು ನಮ್ಮತ್ತೆ ಅಕ್ಕತಂಗಿಯರ ಹಾಗಾದರು. ಕೊನೆಗೆ ಅವಳೂ ಗುಣವಾಗಿ ಮನೆಗೆ ಹೋದಳು. ಸಮಯಕ್ಕೆ ಸರಿಯಾಗಿ ನಮ್ಮಲ್ಲೇ ಹೆರಿಗೆಯಾಯಿತು. ಹೆಣ್ಣುಮಗು, ಹುಟ್ಟಿದ ಕೂಡಲೇ ವಾರ್ಡು ಕಿತ್ತುಹೋಗುವಂತೆ ಅತ್ತಿತು.

ಎಲ್ಲವೂ ಹೀಗೇ ಆಯಿತು ಎಂದರೆ ಸುಳ್ಳಾಗುತ್ತದೆ. ಮೊದಲ ವಾರಗಳಲ್ಲಿ ಬಂದಿದ್ದ ಒಬ್ಬ ಅಜ್ಜ ನಾವು ಫೋನ್ ಮಾಡುವ ಮೊದಲೇ ತೀರಿಕೊಂಡಿದ್ದರು. ಅವರ ಸೀಸೆಯಲ್ಲೂ ಎರಡು ಗೆರೆ ಬಂದಿತ್ತು. ಸಿಸ್ಟರ್ ಅವರ ಮನೆಗೆ ತಾವೇ ಹೋಗಿ, ಕಾಯಿಲೆ ಇಂಥದಿತ್ತು, ನಮಗೆ ಆಗ ಗೊತ್ತಾಗಲಿಲ್ಲ ಎಂದು ಹೇಳಿ ಬಂದರು. ಆ ಮನೆಯವರು ಬೈಯಲಿಲ್ಲವಂತೆ. ನೀರು ಮಜ್ಜಿಗೆ ಕೊಟ್ಟು, ಇನ್ನು ಯಾರಿಗೂ ಹಾಗಾಗದಂತೆ ನೋಡಿ ಎಂದರಂತೆ.

ನಾವು ಜಿಲ್ಲೆಯ ಲ್ಯಾಬಿಗೆ ಕಳಿಸಿದ ಸೀರಂಗಳನ್ನು ಅಲ್ಲಿಯವರು ದೊಡ್ಡ ಯಂತ್ರದಲ್ಲಿ ಮತ್ತೆ ಪರೀಕ್ಷೆ ಮಾಡಿ, ಹೌದು, ಅದೇ ಎಂದು ತಿಳಿಸಿದರು. ಆ ಮೇಲೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋದರು. ಹುಲ್ಲು ಕೊಯ್ಯಲು ಹೋಗುವಾಗ ತುಂಬುತೋಳಿನ ಅಂಗಿ ಹಾಕಿ, ಬಂದ ಕೂಡಲೇ ಸ್ನಾನ ಮಾಡಿ ಬಟ್ಟೆ ಒಗೆಯಲು ಹಾಕಿ, ಬಿಡದ ಜ್ವರ ಬಂದರೆ ಮೈಯೆಲ್ಲ ಹುಡುಕಿ ಎಂದು ಹೇಳಿದರು. ಮುಳಬಾಗಿಲಿನಲ್ಲಿ ಮಸೀದಿಯ ಮೈಕಿನಲ್ಲೂ, ಮಾಲೂರಿನ ಮಠದ ಪ್ರಸಾದದ ಸಾಲಿನಲ್ಲೂ, ನಮ್ಮ ಆಸ್ಪತ್ರೆಯ ಚರ್ಚಿನ ಭಾನುವಾರದ ಪೂಜೆಯ ಕೊನೆಯಲ್ಲೂ ಇದೇ ಮಾತನ್ನು ಹೇಳಿಸಿದರು. ನಮ್ಮ ಕಡೆ ಅದಕ್ಕೆ ಹುಲ್ಲಿನ ಜ್ವರ ಎಂದೇ ಹೆಸರು ಬಿತ್ತು. ಸ್ಕ್ರಬ್ ಟೈಫಸ್ ಎಂದರೆ ಯಾರ ಬಾಯಲ್ಲೂ ನಿಲ್ಲುವುದಿಲ್ಲ.

ಬಾಣಂತನ ಮುಗಿದ ಮೇಲೆ ಆ ಕಲ್ಲು ಕೆತ್ತುವವನು ಒಂದು ದಿನ ಆಸ್ಪತ್ರೆಗೆ ಬಂದ. ಕೈಯಲ್ಲಿ ಹಣ್ಣೂ ಇಲ್ಲ, ಹೂವೂ ಇಲ್ಲ. ಉಳಿ ಸುತ್ತಿಗೆಯ ಚೀಲವಿತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಒಡೆದಿರುವುದನ್ನು ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ನೋಡಿದ್ದನಂತೆ. ಯಾರನ್ನೂ ಕೇಳದೆ ಹೊಸ ಚಪ್ಪಡಿ ತರಿಸಿ, ಅಲ್ಲೇ ಕೂತು ಅದಕ್ಕೆ ಇಳಿಜಾರು ಕೊಟ್ಟು, ಅಂಚು ನಯಮಾಡಿ ಹಾಕಿಕೊಟ್ಟು ಹೋದ. ಸಿಸ್ಟರ್ ಬಂದು ಅದರ ಮೇಲೆ ಕೈಯಾಡಿಸಿ, "ಇದರ ಮೇಲೆ ಬಟ್ಟೆ ಒಗೆಯೋಕೆ ಮನಸ್ಸು ಬರುತ್ತಾ?" ಎಂದರು.

ಸಿಸ್ಟರ್ ಈಗ ಇಲ್ಲಿಲ್ಲ. ಅವರ ಸನ್ಯಾಸಿನಿಯರ ಸಂಘದವರು ಅವರನ್ನು ಉತ್ತರದ ಯಾವುದೋ ಊರಿಗೆ ಕಳಿಸಿದ್ದಾರೆ. ಹೊರಡುವ ದಿನ ಭಾಯ್ ಮುಳಬಾಗಿಲಿನಿಂದ ಬಂದಿದ್ದರು. ಅತ್ತೆ ಒಂದು ಸೇರು ಬೆಣ್ಣೆ ಕಾಯಿಸಿ ತುಪ್ಪ ಕಟ್ಟಿಕೊಟ್ಟರು, ರೈಲಿನಲ್ಲಿ ಚೆಲ್ಲದಂತೆ ನಾಲ್ಕು ಸುತ್ತು ಬಟ್ಟೆ ಬಿಗಿದು. ಸಿಸ್ಟರ್ ನನ್ನ ಕೆನ್ನೆ ತಟ್ಟಿ, "ಅತ್ತೆನ ಚೆನ್ನಾಗಿ ನೋಡ್ಕೋ" ಎಂದರು. ಅಂಥ ಅತ್ತೆಯನ್ನೂ ಅಂಥ ಸಿಸ್ಟರನ್ನೂ ಕೊಟ್ಟವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೋದ ಮಳೆಗಾಲದಲ್ಲಿ ಶ್ರೀನಿವಾಸಪುರದ ಆಶ್ರಮದ ದವಾಖಾನೆಯಿಂದ ಫೋನ್ ಬಂತು. ಮಾವಿನ ತೋಟ ಕಾಯುವವರೊಬ್ಬರಿಗೆ ಮೂರು ದಿನದ ಜ್ವರ. ಅವರಲ್ಲೂ ಈಗ ಕಾರ್ಡುಗಳಿವೆ. ಗುರುತು ಮೊಣಕಾಲಿನ ಹಿಂದೆ ಸಿಕ್ಕಿತಂತೆ. ಇಷ್ಟು ಬೇಗ ಕಾರ್ಡಿನಲ್ಲಿ ಬರುತ್ತದೋ ಇಲ್ಲವೋ, ಮಾತ್ರೆ ಶುರುಮಾಡಿದ್ದೇವೆ, ಫ್ರೀಜರಿನಲ್ಲಿಡಲು ಸ್ವಲ್ಪ ಸೀರಂ ನಿಮಗೂ ಕಳಿಸಲೇ ಎಂದು ಅಲ್ಲಿಯ ಹೊಸ ಟೆಕ್ನೀಷಿಯನ್ ಹುಡುಗಿ ಕೇಳಿದಳು.

"ಕಳ್ಸಮ್ಮಾ" ಎಂದೆ. "ಬಸ್ಸು ಹೊರಟ ಮೇಲೆ ಒಂದು ಫೋನ್ ಮಾಡು, ನಾನೇ ಸ್ಟ್ಯಾಂಡಿಗೆ ಬರ್ತೀನಿ."

ಆ ತೋಟ ಕಾಯುವವರು ವಾರದೊಳಗೆ ಗುಣವಾಗಿ ಕಾವಲಿಗೆ ಹೋದರು ಎಂದು ಅವಳೇ ಆಮೇಲೆ ತಿಳಿಸಿದಳು.